ಅನಿರೀಕ್ಷಿತ ಗೆಲುವಿನ ಸಂಭ್ರಮ: ಕಾಫಿ ಸೀಮೆಯ ಫುಟ್ಬಾಲ್ ಅಭಿಮಾನಿಗಳೊಂದಿಗೆ ಕೆಲವು ಮಾತು

2019ರ ಜನವರಿ 6, ಭಾನುವಾರ. ನಮ್ಮ ಚರ್ಚುಗಳಲ್ಲಿ ಮೂವರು ರಾಯರ ಹಬ್ಬ. ಘಟ್ಟದ ಮೇಲೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಅರೇಬಿಕಾ ಕಾಫಿ ಕೊಯ್ಲಿನ ಕಾಲ. ಅಂದು ನಮ್ಮ ಸಮಯ ಸಂಜೆ 7 ಗಂಟೆಗೆ ಅಬುಧಾಬಿಯಲ್ಲಿ ಏಷ್ಯಾ ಕಪ್ ಫುಟ್ಬಾಲ್ ಪಂದ್ಯಾವಳಿಯ ತನ್ನ ಮೊದಲ ಪಂದ್ಯದಲ್ಲಿ ಭಾರತ ಥಾಯ್ಲೆಂಡನ್ನು ಎದುರಿಸಿತು. ಆಟ ಮುಗಿದಾಗ ಭಾರತ 4, ಥಾಯ್ಲೆಂಡ್ 1.

ಭಾರತ ಏಷ್ಯಾ ಕಪ್‌ನಲ್ಲಿ ಅದಕ್ಕೆ ಮುಂಚೆ ಒಂದು ಪಂದ್ಯ ಗೆದ್ದದ್ದು 1964ರಲ್ಲಿ. ಅಂದರೆ ಅಂದು ಆಟ ನೋಡಿದ ಬಹುಪಾಲು ಜನರ ಜೀವಮಾನದಲ್ಲೇ ಅದು ಮೊದಲ ಗೆಲುವು. ನಾಯಕ ಸುನಿಲ್ ಛೆಟ್ರಿ ಎರಡು ಗೋಲು ಹೊಡೆದರು. ಅನಿರುದ್ಧ್ ಥಾಪಾ ಮತ್ತು ಬದಲಿ ಆಟಗಾರನಾಗಿ ಬಂದ ಜೆಜೆ ಲಾಲ್‌ಪೆಖ್ಲುವಾ ಒಂದೊಂದು ಸೇರಿಸಿದರು. ಛೆಟ್ರಿ, ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು, ಉದಾಂತ ಸಿಂಗ್ ಮೂವರೂ ಆಗ ಬೆಂಗಳೂರು ಎಫ್‌ಸಿ ತಂಡದ ಆಟಗಾರರು. ಹೀಗಾಗಿ ಕರ್ನಾಟಕದ ಅಭಿಮಾನಿಗಳಿಗೆ ಆ ಗೆಲುವು ಇನ್ನಷ್ಟು ಹತ್ತಿರದ್ದು.

ಕರಾವಳಿಯಿಂದ ಚಾರ್ಮಾಡಿ ಘಾಟಿ ಹತ್ತಿ ಕಾಫಿ ತೋಟಗಳಿಗೆ ಹೋಗಿ ನೆಲೆಸಿದ ಕುಟುಂಬಗಳು ನಮ್ಮಲ್ಲಿ ಬಹಳ. ಆ ಕುಟುಂಬಗಳ ಮಕ್ಕಳು ಇಂದು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಅಬುಧಾಬಿಯಲ್ಲಿ ಗೋಲು ಬಿದ್ದರೆ ಕಳಸದ ಮನೆಯಲ್ಲಿ ಫೋನು ಬಡಿದುಕೊಳ್ಳುತ್ತದೆ. ದೊಡ್ಡ ಪಂದ್ಯಗಳು ಬಂದಾಗ ಚರ್ಚಿನ ಮೈದಾನದಲ್ಲಿ ಪರದೆ ಹಾಕಬಹುದೇ ಎಂದು ಯುವಕರು ಕೇಳುತ್ತಾರೆ. ಪಾಲನಾ ಪರಿಷತ್ತಿನ ಹಿರಿಯರು, ವಿಶೇಷವಾಗಿ 2025ರ ಜೂನ್ ತಿಂಗಳ ಬೆಂಗಳೂರಿನ ದುರಂತದ ನಂತರ, ಹಿಂದೆ ಮುಂದೆ ನೋಡುತ್ತಾರೆ. ಇಬ್ಬರ ಮಾತಿನಲ್ಲೂ ಅರ್ಥವಿದೆ. ಇಂತಹ ಗೆಲುವುಗಳು ಹೇಗೆ ಬರುತ್ತವೆ, ಬಂದ ಮೇಲೆ ಏನಾಗುತ್ತದೆ, ಸಂಭ್ರಮವನ್ನು ಹೇಗೆ ನಡೆಸಬೇಕು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಫುಟ್ಬಾಲಿನಲ್ಲೇ ಏಕೆ ಹೆಚ್ಚು?

ನಮ್ಮ ಊರುಗಳ ವಾಲಿಬಾಲ್ ಪಂದ್ಯಾಟವನ್ನೇ ನೋಡಿ. ಒಂದು ಸೆಟ್ ಗೆಲ್ಲಲು 25 ಅಂಕ ಬೇಕು. ಕಬಡ್ಡಿಯಲ್ಲೂ ಅಂಕಗಳು ಮೂವತ್ತು, ನಲವತ್ತಕ್ಕೆ ಏರುತ್ತವೆ. ದುರ್ಬಲ ತಂಡ ಅದೃಷ್ಟದಿಂದ ನಾಲ್ಕೈದು ಅಂಕ ಪಡೆದರೂ ಕೊನೆಗೆ ಬಲಿಷ್ಠ ತಂಡವೇ ಮುಂದೆ ಹೋಗುತ್ತದೆ. ಫುಟ್ಬಾಲಿನಲ್ಲಿ 90 ನಿಮಿಷ ಓಡಿದರೂ ಬೀಳುವುದು ಎರಡೋ ಮೂರೋ ಗೋಲು. ಕೆಲವೊಮ್ಮೆ ಒಂದೂ ಇಲ್ಲ. ಆದ್ದರಿಂದ ಒಂದು ತಪ್ಪು ಪಾಸು, ಒಂದು ಪೆನಾಲ್ಟಿ, ಗೋಲ್‌ಕೀಪರನ ಒಂದು ಒಳ್ಳೆಯ ಜಿಗಿತ ಇಡೀ ಪಂದ್ಯದ ಗತಿಯನ್ನು ತಿರುಗಿಸಬಲ್ಲದು. ಚಿಕ್ಕ ತಂಡ ತಾಳ್ಮೆಯಿಂದ ತನ್ನ ಗೋಲನ್ನು ಕಾಯ್ದು, ಸಿಕ್ಕ ಒಂದೆರಡು ಅವಕಾಶಗಳನ್ನು ಬಳಸಿಕೊಂಡರೆ ದೊಡ್ಡ ತಂಡವೂ ಮಣ್ಣು ಮುಕ್ಕುತ್ತದೆ.

2022ರ ನವೆಂಬರ್ 22ರಂದು ಕತಾರ್ ವಿಶ್ವಕಪ್‌ನಲ್ಲಿ ನಡೆದದ್ದು ಇದೇ. ಲಿಯೊನೆಲ್ ಮೆಸ್ಸಿಯ ಅರ್ಜೆಂಟೀನಾವನ್ನು ಸೌದಿ ಅರೇಬಿಯಾ 2–1ರಿಂದ ಸೋಲಿಸಿತು. ಮರುದಿನ ಸೌದಿಯಲ್ಲಿ ಸರ್ಕಾರಿ ರಜೆ ಘೋಷಿಸಲಾಯಿತು. ಅಲ್ಲಿ ದುಡಿಯುತ್ತಿರುವ ನಮ್ಮವರೂ ಆ ಸಂಭ್ರಮವನ್ನು ಕಣ್ಣಾರೆ ಕಂಡರು.

ಗೆದ್ದ ಮೇಲೆ ಎಂಟು ದಿನ

ಇನ್ನು ಅಬುಧಾಬಿಯ ಕಥೆಯ ಉಳಿದ ಭಾಗ. ಸೋಲಿನ ಬೆನ್ನಿಗೇ ಥಾಯ್ಲೆಂಡ್ ತನ್ನ ಕೋಚ್ ಮಿಲೊವಾನ್ ರಾಯೆವಾಕ್ ಅವರನ್ನು ಮನೆಗೆ ಕಳುಹಿಸಿತು. ಭಾರತ ಜನವರಿ 10ರಂದು ಆತಿಥೇಯ ಯುಎಇ ವಿರುದ್ಧ 0–2ರಿಂದ ಸೋತಿತು. ಜನವರಿ 14ರಂದು ಶಾರ್ಜಾದಲ್ಲಿ ಬಹರೈನ್ ವಿರುದ್ಧ ಡ್ರಾ ಮಾಡಿಕೊಂಡರೂ ಮುಂದಿನ ಸುತ್ತಿಗೆ ಹೋಗಬಹುದಿತ್ತು. 90 ನಿಮಿಷ ಗೋಲಿಲ್ಲದೆ ಕಳೆಯಿತು. ಹೆಚ್ಚುವರಿ ಸಮಯದ ಮೊದಲ ನಿಮಿಷದಲ್ಲಿ ಪೆನಾಲ್ಟಿ ಬಿತ್ತು, ಬಹರೈನ್ ಗೋಲು ಹೊಡೆಯಿತು, ಭಾರತ ಹೊರಬಿತ್ತು. ಕೋಚ್ ಸ್ಟೀಫನ್ ಕಾನ್‌ಸ್ಟಂಟೈನ್ ಕೂಡಲೇ ರಾಜೀನಾಮೆ ನೀಡಿದರು.

ಅದೇ ಗುಂಪಿನಲ್ಲಿ ನಮ್ಮಿಂದ 4–1ರಿಂದ ಸೋತ ಥಾಯ್ಲೆಂಡ್ ಬಹರೈನನ್ನು ಸೋಲಿಸಿ, ಯುಎಇ ಜೊತೆ ಡ್ರಾ ಮಾಡಿಕೊಂಡು ಮುಂದಿನ ಸುತ್ತಿಗೆ ಹೋಯಿತು. ಗುಂಪಿನ ಕೊನೆಯ ಸ್ಥಾನ ಭಾರತದ್ದು. ಕತಾರ್‌ನಲ್ಲೂ ಹಾಗೆಯೇ. ಸೌದಿ ತಂಡ ಮುಂದಿನ ಎರಡೂ ಪಂದ್ಯ ಸೋತು ಮನೆಗೆ ಮರಳಿತು. ಅರ್ಜೆಂಟೀನಾ 2022ರ ಡಿಸೆಂಬರ್ 18ರಂದು ಕಪ್ ಎತ್ತಿತು.

ಇದರಿಂದ ಜನವರಿ 6ರ ಸಂತೋಷ ಸುಳ್ಳಾಯಿತೇ? ಖಂಡಿತ ಇಲ್ಲ. ಆ ಸಂಜೆಯ ಗೆಲುವು ನಿಜ, ಅದನ್ನು ಕೊಂಡಾಡಿದ್ದು ಸರಿ. ಆದರೆ ಕಾಫಿ ಬೆಳೆಗಾರರಿಗೆ ಚೆನ್ನಾಗಿ ತಿಳಿದ ಒಂದು ಸಂಗತಿ ಇಲ್ಲಿ ನೆನಪಾಗುತ್ತದೆ. ಮಾರ್ಚ್ ಹೊತ್ತಿಗೆ ಹೂಮಳೆ ಬಿದ್ದರೆ ವಾರ, ಹತ್ತು ದಿನದಲ್ಲಿ ಇಡೀ ತೋಟ ಬೆಳ್ಳಗೆ ಅರಳುತ್ತದೆ, ಪರಿಮಳ ರಸ್ತೆಯವರೆಗೂ ಬರುತ್ತದೆ. ಅದನ್ನು ನೋಡಿ ಯಾವ ಬೆಳೆಗಾರನೂ ಫಸಲಿನ ಲೆಕ್ಕ ಹಾಕುವುದಿಲ್ಲ. ಎರಡು ಮೂರು ವಾರದ ನಂತರ ಬ್ಯಾಕಿಂಗ್ ಮಳೆ ಬರಬೇಕು, ಇಲ್ಲವೇ ಸ್ಪ್ರಿಂಕ್ಲರ್ ಹಿಡಿಯಬೇಕು. ಆಗಲೇ ಕಾಯಿ ಕಚ್ಚುವುದು. ಅನಿರೀಕ್ಷಿತ ಗೆಲುವು ನಮ್ಮ ಫುಟ್ಬಾಲಿಗೆ ಬಂದ ಹೂಮಳೆ. ಬ್ಯಾಕಿಂಗ್ ಮಳೆಯ ಮಾತಿಗೆ ಕೊನೆಯಲ್ಲಿ ಬರುತ್ತೇವೆ.

ಎರಡು ಕ್ರೀಡಾಂಗಣ, ಎರಡು ದಿನ

2023ರ ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್‌ನ ಫೈನಲ್ ನಡೆಯಿತು. ಭಾರತ ಮತ್ತು ಕುವೈತ್ 1–1ರಲ್ಲಿ ನಿಂತು, ಪೆನಾಲ್ಟಿ ಶೂಟೌಟಿನಲ್ಲಿ ಭಾರತ 5–4ರಿಂದ ಗೆದ್ದಿತು. ಗುರ್‌ಪ್ರೀತ್ ಕೊನೆಯ ಹೊಡೆತವನ್ನು ತಡೆದರು. ಕ್ರೀಡಾಂಗಣದಲ್ಲಿದ್ದ ಸಾವಿರಾರು ಜನ ಒಂದೇ ದನಿಯಲ್ಲಿ ಹಾಡಿದ್ದನ್ನು ಟಿವಿಯಲ್ಲಿ ಕಂಡವರು ಮರೆಯಲಾರರು.

ಅಲ್ಲಿಂದ ಹೆಚ್ಚು ದೂರವಿಲ್ಲದ ಚಿನ್ನಸ್ವಾಮಿ ಕ್ರಿಕೆಟ್ ಕ್ರೀಡಾಂಗಣದ ಬಾಗಿಲುಗಳಲ್ಲಿ 2025ರ ಜೂನ್ 4ರಂದು 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಹಿಂದಿನ ರಾತ್ರಿ ಆರ್‌ಸಿಬಿ ತಂಡ ಮೊದಲ ಬಾರಿಗೆ ಐಪಿಎಲ್ ಕಪ್ ಗೆದ್ದಿತ್ತು. 18 ವರ್ಷ ಕಾದ ಜನ ವಿಜಯೋತ್ಸವಕ್ಕೆ ಬಂದಿದ್ದರು. ಸುಮಾರು 35 ಸಾವಿರ ಜನ ಹಿಡಿಸುವ ಜಾಗಕ್ಕೆ ಲಕ್ಷಗಟ್ಟಲೆ ಜನ ಸೇರಿದರು. ಒಳಗೆ ಹೋಗುವುದು ಹೇಗೆ, ಪಾಸು ಬೇಕೇ ಬೇಡವೇ ಎಂಬುದೂ ಬಹಳ ಜನರಿಗೆ ಸ್ಪಷ್ಟವಿರಲಿಲ್ಲ.

ಎರಡು ಕಡೆಯೂ ಬಂದವರು ಅಭಿಮಾನಿಗಳೇ, ಸಂತೋಷವೂ ಒಂದೇ ಬಗೆಯದು. ಒಂದು ಕಡೆ ಎಷ್ಟು ಜನ ಬರುತ್ತಾರೆ ಎಂಬುದು ಮೊದಲೇ ಗೊತ್ತಿತ್ತು, ಇನ್ನೊಂದು ಕಡೆ ಯಾರಿಗೂ ಗೊತ್ತಿರಲಿಲ್ಲ. ಅನಿರೀಕ್ಷಿತ ಗೆಲುವಿನ ನಿಜವಾದ ಅಪಾಯ ಇದು. ಹಬ್ಬಕ್ಕೆ ನಾವು ತಿಂಗಳುಗಟ್ಟಲೆ ತಯಾರಿ ಮಾಡುತ್ತೇವೆ, ಪೆಂಡಾಲು, ಪಾರ್ಕಿಂಗು, ಸ್ವಯಂಸೇವಕರು ಎಲ್ಲವೂ ಇರುತ್ತದೆ. ನೆನೆಸದ ಗೆಲುವಿಗೆ ತಯಾರಿ ಇರುವುದಿಲ್ಲ. ಜನ ಮಾತ್ರ ಹಬ್ಬದಷ್ಟೇ ಬರುತ್ತಾರೆ.

ಘಟ್ಟದ ಮೇಲೆ ಸಂಭ್ರಮಿಸುವಾಗ

ಬೆಂಗಳೂರಿನ ಜನಜಂಗುಳಿ ನಮ್ಮ ಕಾಫಿ ಸೀಮೆಯಲ್ಲಿ ಇಲ್ಲ. ಆದರೆ ನಮ್ಮವೇ ಅಪಾಯಗಳಿವೆ. ಚರ್ಚುಗಳ ಯುವ ಸಂಘಟನೆಗಳು ಮತ್ತು ಪಾಲನಾ ಪರಿಷತ್ತುಗಳು ಗಮನಿಸಬೇಕಾದ ಕೆಲವು ವಿಷಯಗಳು ಇವು:

1. ಪರದೆ ಹಾಕುವ ಜಾಗಕ್ಕೆ ಎರಡು ದಾರಿ ಇರಲಿ. ಒಳಬರುವ ಗೇಟಿನ ಎದುರು ಜೀಪು, ಬೈಕು ನಿಲ್ಲಿಸಬಾರದು. ಮಕ್ಕಳು ಮತ್ತು ಹಿರಿಯರಿಗೆ ಬದಿಯಲ್ಲಿ ಬೇರೆ ಜಾಗ ಮಾಡಿ.

2. ಧ್ವನಿವರ್ಧಕಕ್ಕೆ ಅನುಮತಿ ಪಡೆಯಿರಿ. ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ತಡರಾತ್ರಿಯ ಪಂದ್ಯವನ್ನು ಸಭಾಭವನದ ಒಳಗೆ, ಸಣ್ಣ ಧ್ವನಿಯಲ್ಲಿ ನೋಡಬಹುದು.

3. ಗೆದ್ದ ಕೂಡಲೇ ಬೈಕ್ ರ‍್ಯಾಲಿ ಬೇಡ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವ ತಿರುವುಗಳಾಗಲಿ, ಕಳಸದಿಂದ ಕುದುರೆಮುಖದ ಕಡೆಗಿನ ರಸ್ತೆಯಾಗಲಿ ಮಂಜು ಮುಸುಕಿದ ರಾತ್ರಿಯಲ್ಲಿ ಕೈ ಬಿಟ್ಟು ಬೈಕ್ ಓಡಿಸುವ ಜಾಗಗಳಲ್ಲ. ಮೂಡಿಗೆರೆ ತಾಲೂಕಿನಲ್ಲಿ ಕಾಡಾನೆಗಳು ರಸ್ತೆ ದಾಟುತ್ತವೆ ಎಂಬುದು ಎಲ್ಲರಿಗೂ ಗೊತ್ತು.

4. ಪಟಾಕಿಯ ಬಗ್ಗೆ ಎರಡು ಸಲ ಯೋಚಿಸಿ. ಜನವರಿಯಿಂದ ಮಾರ್ಚ್‌ವರೆಗೆ ಹುಲ್ಲು, ತರಗೆಲೆ ಒಣಗಿರುತ್ತವೆ. ಒಂದು ಕಿಡಿ ಸಾಕು.

5. ಲೈನ್ ಮನೆಗಳಲ್ಲಿ ಮಲಗಿದವರನ್ನು ನೆನೆಯಿರಿ. ಕೊಯ್ಲಿನ ಕಾಲದಲ್ಲಿ ಹಗಲಿಡೀ ಹಣ್ಣು ಕೊಯ್ದು, ಚೀಲ ಹೊತ್ತು, ತೂಕ ಕೊಟ್ಟು ಬಂದವರು ಬೆಳಿಗ್ಗೆ ಮತ್ತೆ ಕೆಲಸಕ್ಕೆ ಹೋಗಬೇಕು. ಅವರನ್ನು ಎಬ್ಬಿಸುವ ಬದಲು ಪಂದ್ಯ ನೋಡಲು ಮೊದಲೇ ಕರೆಯಿರಿ. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕಾರ್ಮಿಕರಲ್ಲಿ ಫುಟ್ಬಾಲ್ ಬಲ್ಲವರು ನಮಗಿಂತ ಹೆಚ್ಚಿದ್ದಾರು.

6. ರಾಷ್ಟ್ರಧ್ವಜದ ಮೇಲೆ ಆಟಗಾರನ ಹೆಸರು, ಸಂಘದ ಹೆಸರು ಬರೆಯಬಾರದು. ಅದು 1971ರ ಕಾಯ್ದೆಯ ಪ್ರಕಾರ ಅಪರಾಧ. ಧ್ವಜ ನೆಲಕ್ಕೆ ತಾಗಬಾರದು, ಆಟ ಮುಗಿದ ಮೇಲೆ ಮೈದಾನದಲ್ಲಿ ಬಿದ್ದಿರಬಾರದು. ಮಡಚಿ ಮನೆಗೆ ತನ್ನಿ.

7. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒಂದು ವಾಹನ, ಮದ್ಯ ಸೇವಿಸದ ಒಬ್ಬ ಚಾಲಕ ಸಿದ್ಧವಿರಲಿ. ಆಂಬುಲೆನ್ಸಿಗೆ 108, ಪೊಲೀಸರಿಗೆ 112.

ನಾವು ಘಟ್ಟದ ಮೇಲಿದ್ದ ವರ್ಷಗಳಲ್ಲಿ ಒಂದು ಗೆಲುವಿನ ರಾತ್ರಿ ಹುಡುಗರ ಗುಂಪೊಂದು ಆಸ್ಪತ್ರೆಯ ಮುಂದೆಯೇ ಹಾರ್ನ್ ಬಾರಿಸುತ್ತ ಹೋದದ್ದುಂಟು. ಒಳಗೆ ಅವರದೇ ಊರಿನ ಅಜ್ಜಿಯೊಬ್ಬರು ಕಷ್ಟದಲ್ಲಿದ್ದರು. ಮರುದಿನ ವಿಷಯ ತಿಳಿದಾಗ ಆ ಹುಡುಗರೇ ತಲೆ ತಗ್ಗಿಸಿ ಬಂದು ಕ್ಷಮೆ ಕೇಳಿದರು. ಅವರು ಕೆಟ್ಟ ಹುಡುಗರಲ್ಲ. ಹಾರ್ನ್ ಬಾರಿಸುವ ಮುಂಚೆ ಅವರಿಗೆ ಅದನ್ನು ಹೇಳುವವರು ಯಾರೂ ಇರಲಿಲ್ಲ, ನಾವೂ ಹೇಳಿರಲಿಲ್ಲ.

ಯಾರೂ ಪಟಾಕಿ ಹೊಡೆಯದ ಗೆಲುವು

ಥಾಯ್ಲೆಂಡಿನ ಮೇಲಿನ ಇನ್ನೊಂದು ಗೆಲುವನ್ನು ಇಲ್ಲಿ ಹೇಳಲೇಬೇಕು. 2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಭಾರತದ ಮಹಿಳಾ ತಂಡ ಥಾಯ್ಲೆಂಡನ್ನು 2–1ರಿಂದ ಸೋಲಿಸಿತು. ಎರಡೂ ಗೋಲು ಸಂಗೀತಾ ಬಾಸ್‌ಫೋರ್ ಅವರದು. ಥಾಯ್ಲೆಂಡ್ ಎರಡು ಬಾರಿ ಮಹಿಳಾ ವಿಶ್ವಕಪ್ ಆಡಿದ ತಂಡ, ಶ್ರೇಯಾಂಕದಲ್ಲಿ ನಮಗಿಂತ ಬಹಳ ಮೇಲಿತ್ತು, ಆಟ ಅವರದೇ ನೆಲದಲ್ಲಿ. ಈ ಗೆಲುವಿನಿಂದ ಭಾರತದ ಮಹಿಳೆಯರು ಅರ್ಹತಾ ಸುತ್ತು ಆಡಿ, ಗೆದ್ದು 2026ರ ಏಷ್ಯಾ ಕಪ್‌ಗೆ ಮೊದಲ ಬಾರಿ ಪ್ರವೇಶ ಪಡೆದರು. ಅನಿರೀಕ್ಷಿತ ಎಂಬ ಮಾತು 2019ರ ಗೆಲುವಿಗಿಂತ ಇದಕ್ಕೇ ಹೆಚ್ಚು ಸಲ್ಲಬೇಕು. ಅಂದು ಎಷ್ಟು ಮನೆಗಳಲ್ಲಿ ಟಿವಿ ಹಚ್ಚಿದ್ದರು? ನಮ್ಮ ಎಷ್ಟು ಚರ್ಚುಗಳಲ್ಲಿ ಪರದೆಯ ಮಾತು ಬಂತು? ಈ ಪ್ರಶ್ನೆ ನಮಗೂ ಸೇರಿ.

ಬ್ಯಾಕಿಂಗ್ ಮಳೆ

ಕರ್ನಾಟಕಕ್ಕೆ ಫುಟ್ಬಾಲ್ ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮೈಸೂರು ಎಂಬ ಹೆಸರಿನಲ್ಲಿ ನಮ್ಮ ರಾಜ್ಯ ತಂಡ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು. ಆಮೇಲೆ ಐದನೆಯದಕ್ಕೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಮಣಿಸಿತು.

54 ವರ್ಷದ ಆ ಬರಗಾಲಕ್ಕೆ ಅಭಿಮಾನದ ಕೊರತೆ ಕಾರಣವೆಂದು ನಮಗೆ ಅನ್ನಿಸುವುದಿಲ್ಲ. ಗೆದ್ದಾಗ ಕುಣಿದ ನಾವು ಮರುವಾರ ಮೈದಾನದ ಕಡೆ ತಿರುಗಿ ನೋಡಿದ್ದು ಕಡಿಮೆ. ಕಾಫಿ ಸೀಮೆಯಲ್ಲಿ ಸಮತಟ್ಟಾದ ಜಾಗ ಸಿಗುವುದೇ ಕಷ್ಟ. ಚರ್ಚು ಮತ್ತು ಶಾಲೆಗಳ ಮೈದಾನಗಳು ಅಂತಹ ಕೆಲವೇ ಜಾಗಗಳು. ಮಳೆಗಾಲ ಮುಗಿದ ಮೇಲೆ ಅವುಗಳ ಹೊಂಡ ಮುಚ್ಚಿ, ಎರಡು ಗೋಲುಕಂಬ ನೆಟ್ಟು, ವಾರಕ್ಕೆ ಎರಡು ಸಂಜೆ ಹುಡುಗರಿಗೂ ಹುಡುಗಿಯರಿಗೂ ಬಿಟ್ಟುಕೊಡುವುದು ದೊಡ್ಡ ಖರ್ಚಿನ ಕೆಲಸವಲ್ಲ. ತೋಟದ ಮಾಲೀಕರ ಮಗನೂ ಲೈನ್ ಮನೆಯ ಮಗನೂ ಒಂದೇ ತಂಡದಲ್ಲಿ ಆಡುವ ಜಾಗ ನಮ್ಮಲ್ಲಿ ಬೇರೆ ಎಷ್ಟಿವೆ?

ಪಾಲನಾ ಪರಿಷತ್ತುಗಳ ಮುಂದಿನ ಸಭೆಯಲ್ಲಿ ಪರದೆಯ ವಿಷಯ ಬಂದರೆ ಬೇಡ ಎಂದು ತಳ್ಳಿಹಾಕಬೇಡಿ ಎಂದು ಹಿರಿಯರಲ್ಲಿ ಕೇಳಿಕೊಳ್ಳುತ್ತೇವೆ. ಮೇಲಿನ ಏಳು ವಿಷಯಗಳನ್ನು ಯುವಕರ ಕೈಗೆ ಕೊಟ್ಟು, ಜವಾಬ್ದಾರಿ ಒಪ್ಪಿಸಿ. ಯುವಕರಲ್ಲಿ ನಮ್ಮ ಮಾತು ಇಷ್ಟೇ: ಪರದೆ ಕೇಳುವ ಅರ್ಜಿಯಲ್ಲೇ ಮೈದಾನ ಸರಿಪಡಿಸುವ ಎರಡು ಭಾನುವಾರಗಳ ದಿನಾಂಕವನ್ನೂ ಬರೆಯಿರಿ.