ಆಶ್ರಯ ಬೇಡಿ ಬಂದ ತಾಯಂದಿರು ಮತ್ತು ಹೆರಿಗೆಯ ಸಂಶೋಧನೆ

ಹೈದರಾಬಾದಿನ ಸನತ್‌ನಗರವು ಕಾರ್ಖಾನೆಗಳ ನೆಲೆ. ದುಡಿಮೆಗಾಗಿ ಊರು ಬಿಟ್ಟು ಬಂದ ಅನೇಕ ಕುಟುಂಬಗಳಿಗೆ ಇಲ್ಲಿಯ ಕಾರ್ಮಿಕ ರಾಜ್ಯ ವಿಮಾ ಆಸ್ಪತ್ರೆಯೇ ಆಸರೆ. ನಿಯಮದಂತೆ ವಂತಿಗೆ ಸಲ್ಲಿಸಿದ ಕಾರ್ಮಿಕ ಮಹಿಳೆಗೆ ಮೊದಲ ಎರಡು ಹೆರಿಗೆಗಳಿಗೆ 2017ರಿಂದ 26 ವಾರಗಳ ಹೆರಿಗೆ ಭತ್ಯವೂ ಉಂಟು. ಇದೇ ಮಹಾನಗರದ ಇನ್ನೊಂದು ಅಂಚಿನಲ್ಲಿರುವ ಬಾಲಾಪುರದಲ್ಲಿ, ಮ್ಯಾನ್ಮಾರಿನಿಂದ ಜೀವ ಉಳಿಸಿಕೊಂಡು ಬಂದ ರೋಹಿಂಗ್ಯಾ ಜನರು ಗುಡಿಸಲುಗಳಲ್ಲಿ ನೆಲೆಸಿದ್ದಾರೆ. ಅಲ್ಲಿಯ ಗರ್ಭಿಣಿಯ ಕೈಯಲ್ಲಿರುವುದು ಹೆಚ್ಚೆಂದರೆ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿ ನೀಡಿದ ಗುರುತಿನ ಚೀಟಿ. 1951ರ ನಿರಾಶ್ರಿತರ ಒಡಂಬಡಿಕೆಗೆ ಭಾರತವು ಸಹಿ ಹಾಕಿಲ್ಲವಾದ್ದರಿಂದ ಆ ಚೀಟಿಯ ಬಲವೂ ಮಿತವಾದುದು.

ಕನ್ನಡ ನಾಡಿಗೂ ನಿರಾಶ್ರಿತರು ಅಪರಿಚಿತರಲ್ಲ. ಬೈಲುಕುಪ್ಪೆ, ಮುಂಡಗೋಡುಗಳಲ್ಲಿ ಟಿಬೆಟನ್ನರೂ ಸಿಂಧನೂರಿನ ಶಿಬಿರಗಳಲ್ಲಿ ಪೂರ್ವ ಬಂಗಾಳದಿಂದ ಬಂದವರೂ ದಶಕಗಳಿಂದ ಬಾಳುತ್ತಿದ್ದಾರೆ.

ಇಂಥ ತಾಯಂದಿರನ್ನು ಕುರಿತು ಸಂಶೋಧನೆ ಅಗತ್ಯವೇ? ನಿಸ್ಸಂದೇಹವಾಗಿ ಅಗತ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದ ಗರ್ಭಿಣಿಯರಲ್ಲಿ ಶೇಕಡಾ 52ರಷ್ಟು ಮಂದಿಗೆ ರಕ್ತಹೀನತೆಯಿದೆ. ಆದರೆ ನಿರಾಶ್ರಿತೆಯರ ಸ್ಥಿತಿ ಆ ಲೆಕ್ಕದಲ್ಲಿ ಪ್ರತ್ಯೇಕವಾಗಿ ಕಾಣದು. ತಿಳಿಯದ ಕಷ್ಟಕ್ಕೆ ತಕ್ಕ ಪರಿಹಾರವನ್ನು ಯೋಜಿಸುವುದು ಸುಲಭವಲ್ಲ.

ಆದರೆ ಅವರಿಂದ ಸಮ್ಮತಿ ಪಡೆಯುವ ಬಗೆ ಸೂಕ್ಷ್ಮವಾದುದು. 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆಯ ಅಧ್ಯಯನವೊಂದು ನಡೆಯಿತು. ಅನೇಕ ಬಾಲಕಿಯರ ಸಮ್ಮತಿ ಪತ್ರಗಳಿಗೆ ತಂದೆತಾಯಿಗಳ ಬದಲು ವಿದ್ಯಾರ್ಥಿನಿಲಯದ ಮೇಲ್ವಿಚಾರಕರೇ ರುಜು ಮಾಡಿದ್ದುದು ಬಳಿಕ ತಿಳಿದುಬಂದಿತು. 2010ರಲ್ಲಿ ಸರ್ಕಾರವು ಅದನ್ನು ನಿಲ್ಲಿಸಿತು. ಲಸಿಕೆಯು ಉಪಯುಕ್ತವೇ ಆಗಿದ್ದರೂ ಒಬ್ಬರ ದೇಹಕ್ಕೆ ಮತ್ತೊಬ್ಬರು ರುಜು ಹಾಕುವುದು ಸಲ್ಲದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರಡಿಸಿದ ನೀತಿಸೂತ್ರಗಳು ಗರ್ಭಿಣಿಯರನ್ನೂ ನಿರಾಶ್ರಿತರನ್ನೂ ವಿಶೇಷ ರಕ್ಷಣೆಗೆ ಅರ್ಹರೆಂದು ಪರಿಗಣಿಸುತ್ತವೆ. ನಿರಾಶ್ರಿತ ಗರ್ಭಿಣಿಯಲ್ಲಿ ಈ ಎರಡೂ ದುರ್ಬಲತೆಗಳು ಕೂಡಿರುತ್ತವೆ. ಬೇಡವೆಂದರೆ ಆಸ್ಪತ್ರೆಯ ಹಾಸಿಗೆ ತಪ್ಪೀತೆ, ಪೊಲೀಸರಿಗೆ ಸುದ್ದಿ ಹೋದೀತೆ ಎಂಬ ಭಯದಿಂದ ಆಕೆ ತಲೆಯಾಡಿಸಿದರೆ ಅದು ಸಮ್ಮತಿಯಾಗದು.

ಆದಕಾರಣ ಸಂಶೋಧಕರು ಕೆಲವು ವಿಷಯಗಳಲ್ಲಿ ಎಚ್ಚರ ವಹಿಸಬೇಕು. ಮೊದಲನೆಯದಾಗಿ, ಬೇನೆ ತಿನ್ನುತ್ತಿರುವ ಹೆಂಗಸಿನ ಮುಂದೆ ಕಾಗದ ಹಿಡಿಯದೆ, ಗರ್ಭಾವಸ್ಥೆಯ ತಪಾಸಣೆಯ ದಿನಗಳಲ್ಲಿಯೇ ವಿಷಯವನ್ನು ತಿಳಿಸಿ ಯೋಚಿಸಲು ಅವಕಾಶ ಕೊಡಬೇಕು. ಎರಡನೆಯದಾಗಿ, ಆಕೆಯ ಭಾಷೆಯನ್ನೇ ಆಡುವ ದುಭಾಷಿ ಬೇಕು. ಅದು ಮಹಿಳೆಯಾಗಿದ್ದು, ಅದೇ ಕೇರಿಯವಳಾಗಿರದಿದ್ದರೆ ಲೇಸು. ಇಲ್ಲವಾದರೆ ಹಿಂದಿನ ಗರ್ಭಪಾತದಂಥ ಗುಟ್ಟಿನ ಸಂಗತಿಗಳನ್ನು ಆಕೆ ಬಾಯಿಬಿಡಳು. ಗಂಡನಾಗಲಿ ಶಿಬಿರದ ಮುಖಂಡನಾಗಲಿ ಒಪ್ಪಿದ ಮಾತ್ರಕ್ಕೆ ಆಕೆ ಒಪ್ಪಿದಂತಾಗಲಿಲ್ಲ. ಓದುಬರಹ ಬಾರದಿದ್ದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯ ಎದುರಿನಲ್ಲಿ ಹೆಬ್ಬೆಟ್ಟು ಪಡೆಯಬೇಕು. ಮೂರನೆಯದಾಗಿ, ಹೆಸರು, ವಿಳಾಸ, ಚೀಟಿಯ ಸಂಖ್ಯೆಗಳನ್ನು ಉತ್ತರಗಳೊಡನೆ ಬರೆದಿಡಬಾರದು. ಹೋಗಿಬರುವ ಖರ್ಚನ್ನೂ ಕಳೆದ ಕೂಲಿಯನ್ನೂ ತುಂಬಿಕೊಡುವುದು ನ್ಯಾಯ. ಹಣದ ಆಮಿಷ ಒಡ್ಡುವುದು ಅನ್ಯಾಯ. ಕೊನೆಯದಾಗಿ, ಪ್ರಶ್ನಿಸುವಾಗ ತೀವ್ರ ರಕ್ತಹೀನತೆ, ಏರಿದ ರಕ್ತದೊತ್ತಡ ಮುಂತಾದುವು ಕಂಡುಬಂದರೆ, ಬರೆದುಕೊಂಡು ಸುಮ್ಮನಿರದೆ ಕೂಡಲೆ ಚಿಕಿತ್ಸೆಗೆ ಕಳುಹಿಸಬೇಕು.

ಪರಭಾಷೆಯ ಊರಿನಲ್ಲಿ ಬಾಣಂತನ ಕಂಡ ಕನ್ನಡತಿಯರಿಗೆ, ವೈದ್ಯರ ಮಾತು ಅರ್ಥವಾಗದ ಕ್ಷಣದ ಕಳವಳವನ್ನು ವಿವರಿಸಬೇಕಾಗಿಲ್ಲ. ಅವರಿಗೂ ಈ ಹಕ್ಕುಗಳೆಲ್ಲ ಅನ್ವಯಿಸುತ್ತವೆ. ಆಸ್ಪತ್ರೆಯಲ್ಲಿ ಸಂಶೋಧನೆಗೆಂದು ಯಾರಾದರೂ ರುಜು ಕೇಳಿದರೆ ನಾಲ್ಕು ಪ್ರಶ್ನೆಗಳನ್ನು ತಪ್ಪದೆ ಕೇಳಬೇಕು: ಇದು ಚಿಕಿತ್ಸೆಯೋ ಸಂಶೋಧನೆಯೋ? ಇದರಿಂದ ತಾಯಿಗಾಗಲಿ ಮಗುವಿಗಾಗಲಿ ಆಗಬಹುದಾದ ತೊಂದರೆ ಏನು? ಒಲ್ಲೆನೆಂದರೆ, ಇಲ್ಲವೆ ನಡುವೆ ಬಿಟ್ಟರೆ, ಆರೈಕೆ ಎಂದಿನಂತೆ ದೊರೆಯುವುದೇ? ನೀತಿ ಸಮಿತಿಯ ಒಪ್ಪಿಗೆ ದೊರೆತಿದೆಯೇ? ಪ್ರಾಮಾಣಿಕ ಸಂಶೋಧಕರು ಈ ಪ್ರಶ್ನೆಗಳಿಗೆ ಬೇಸರಿಸದೆ ಉತ್ತರ ಕೊಡುತ್ತಾರೆ. ಉತ್ತರ ಮನಸ್ಸಿಗೆ ಬರುವವರೆಗೆ ರುಜು ಮಾಡಬೇಕಾದ ಅಗತ್ಯವಿಲ್ಲ.