ಋತುಚಕ್ರದ ಏರಿಳಿತ, ಮಿದುಳಿನ ಸ್ಪಂದನ

ಋತುಚಕ್ರ ಗರ್ಭಕೋಶ ಮತ್ತು ಅಂಡಾಶಯಗಳಿಗೆ ಸೇರಿದ್ದೆಂಬುದು ರೂಢಿಯ ತಿಳಿವಳಿಕೆಯಾದರೂ, ಅದರ ಚಾಲನೆ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗದಿಂದ ಆರಂಭವಾಗುತ್ತದೆ. ಅದರ ಸೂಚನೆಯಂತೆ ಪಿಟ್ಯುಟರಿ ಗ್ರಂಥಿಯು ಅಂಡಾಶಯವನ್ನು ಪ್ರಚೋದಿಸಿದರೆ, ಅಂಡಾಶಯ ಸ್ರವಿಸುವ ಹಾರ್ಮೋನುಗಳು ರಕ್ತದ ಮೂಲಕ ಮರಳಿ ಮಿದುಳನ್ನೇ ತಲುಪುತ್ತವೆ. ಅಂಡ ಬಿಡುಗಡೆಯಾಗುವ ಮುನ್ನ ಈಸ್ಟ್ರೊಜೆನ್ ಏರುತ್ತದೆ, ಬಳಿಕ ಪ್ರೊಜೆಸ್ಟರಾನ್ ಮೇಲುಗೈ ಪಡೆಯುತ್ತದೆ, ಗರ್ಭ ನಿಲ್ಲದಿದ್ದರೆ ಮುಟ್ಟಿಗೆ ಮುನ್ನ ಎರಡೂ ಕುಸಿಯುತ್ತವೆ.

ನರಕೋಶದ ಕವಲುಗಳ ಮೇಲೆ, ಜಾಲಿಯ ಕೊಂಬೆಯ ಮೇಲಿನ ಮುಳ್ಳುಗಳಂತೆ, ಅತಿಸೂಕ್ಷ್ಮ ಚಾಚುಗಳಿರುತ್ತವೆ. ಬೇರೆ ನರಕೋಶಗಳ ಸಂದೇಶಗಳನ್ನು ಬಹುಮಟ್ಟಿಗೆ ಇವೇ ಸ್ವೀಕರಿಸುತ್ತವೆ. ನಾಲ್ಕೈದು ದಿನಗಳ ಚಕ್ರವಿರುವ ಹೆಣ್ಣಿಲಿಗಳಲ್ಲಿ, ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್‌ನ ಒಂದು ಭಾಗದ ಈ ಮುಳ್ಳುಗಳ ದಟ್ಟಣೆ ಈಸ್ಟ್ರೊಜೆನ್ ಏರಿದಾಗ ಹೆಚ್ಚಿ, ಅದು ಕುಸಿಯುತ್ತಿದ್ದಂತೆ ಒಂದೇ ದಿನದಲ್ಲಿ ಸುಮಾರು ಶೇಕಡಾ 30ರಷ್ಟು ಇಳಿಯುತ್ತದೆಂದು 1990ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಬ್ರೂಸ್ ಮೆಕ್ಯೂವನ್ ಅವರ ತಂಡ ತೋರಿಸಿತು. ಬೆಳೆದ ಮಿದುಳು ಬದಲಾಗದೆಂಬ ನಂಬಿಕೆಯನ್ನು ಅಲುಗಿಸಿದ ಶೋಧವಿದು, ಆದರೆ ಇಲಿಯ ಈ ಲೆಕ್ಕವನ್ನು ಹಾಗೆಯೇ ಮನುಷ್ಯರಿಗೆ ಅನ್ವಯಿಸುವಂತಿಲ್ಲ.

ಪ್ರೊಜೆಸ್ಟರಾನಿನ ದಾರಿ ಬೇರೆ. ದೇಹದಲ್ಲಿ ಅದು ಅಲೊಪ್ರೆಗ್ನನೊಲೋನ್ ಎಂಬ ವಸ್ತುವಾಗಿ ಮಾರ್ಪಟ್ಟು, ನರಕೋಶಗಳ ಉದ್ವೇಗವನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತದೆ. ಸಾಮಾನ್ಯವಾಗಿ ಮನಸ್ಸನ್ನು ಶಾಂತಗೊಳಿಸುವ ಇದೇ ವಸ್ತು ಕೆಲವು ಮಹಿಳೆಯರಲ್ಲಿ ಸಿಡುಕು, ಕಳವಳಗಳನ್ನು ಉಂಟುಮಾಡುವುದೂ ಉಂಟು.

ಈ ವ್ಯತ್ಯಾಸದ ಮೂಲ ಎಲ್ಲಿದೆ ಎಂಬುದಕ್ಕೆ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಪೀಟರ್ ಶ್ಮಿಟ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗ ಉತ್ತರದ ಎಳೆಯನ್ನು ಒದಗಿಸಿತು. ಮುಟ್ಟಿಗೆ ಮುನ್ನ ತೀವ್ರ ಮನೋವೇದನೆ ಅನುಭವಿಸುತ್ತಿದ್ದ ಮಹಿಳೆಯರ ಅಂಡಾಶಯದ ಕೆಲಸವನ್ನು ಔಷಧದಿಂದ ತಾತ್ಕಾಲಿಕವಾಗಿ ತಡೆದಾಗ ಹಲವರಿಗೆ ವೇದನೆ ಇಳಿಯಿತು, ಹಾಗೆ ಗುಣ ಕಂಡವರಿಗೆ ಈಸ್ಟ್ರೊಜೆನ್ ಅಥವಾ ಪ್ರೊಜೆಸ್ಟರಾನ್ ಮರಳಿ ಕೊಟ್ಟಾಗ ಅದು ಮರುಕಳಿಸಿತು. ಅಂಥ ತೊಂದರೆಯೇ ಇಲ್ಲದಿದ್ದ ಮಹಿಳೆಯರಿಗೆ ಅದೇ ಔಷಧ, ಅದೇ ಹಾರ್ಮೋನು ಕೊಟ್ಟರೂ ಮನಸ್ಥಿತಿ ಕದಡಲಿಲ್ಲ. ಎಂದರೆ, ದೋಷವಿರುವುದು ಹಾರ್ಮೋನಿನ ಪ್ರಮಾಣದಲ್ಲಲ್ಲ, ಅದರ ಸಹಜ ಏರಿಳಿತಕ್ಕೆ ಮಿದುಳು ಸ್ಪಂದಿಸುವ ಬಗೆಯಲ್ಲಿ. ಹೀಗಿರುವಾಗ ರಕ್ತಪರೀಕ್ಷೆಯ ವರದಿ ನಾರ್ಮಲ್ ಇದೆಯೆಂದು ಹೇಳಿ ಮಹಿಳೆಯ ನೋವನ್ನು ಬರಿಯ ಭ್ರಮೆಯೆಂದು ತಳ್ಳಿಹಾಕುವುದು ಅನ್ಯಾಯ ಮಾತ್ರವಲ್ಲ, ಅವೈಜ್ಞಾನಿಕವೂ ಹೌದು.

ಈ ತೊಂದರೆಯ ತೀವ್ರ ರೂಪವನ್ನು ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ಕೈಪಿಡಿಯಲ್ಲಿ ಪಿಎಂಡಿಡಿ ಎಂಬ ಹೆಸರಿನಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿತು. ಅದನ್ನು ಖಚಿತಪಡಿಸಿಕೊಳ್ಳಲು ಬೇಕಾದದ್ದು ಒಂದು ಸಾದಾ ನೋಟುಪುಸ್ತಕ: ಕನಿಷ್ಠ ಎರಡು ಚಕ್ರಗಳ ಕಾಲ, ತಾರೀಖಿನ ಪಕ್ಕದಲ್ಲಿ ಆ ದಿನದ ನಿದ್ದೆ, ಸಿಟ್ಟು, ಅಳು, ದಣಿವುಗಳನ್ನು ಮಹಿಳೆಯೇ ಬರೆದಿಟ್ಟುಕೊಂಡರೆ, ಮುಟ್ಟಿನ ಮುಂಚಿನ ವಾರದಲ್ಲಿ ದಟ್ಟವಾಗಿ, ಮುಟ್ಟಾದ ಕೆಲವೇ ದಿನಗಳಲ್ಲಿ ವಿರಳವಾಗುವ ಆ ಬರಹವೇ ವೈದ್ಯರಿಗೆ ಬೇಕಾದ ಪುರಾವೆಯಾಗುತ್ತದೆ.