ವನ್ಯಜೀವಿ ಸಂರಕ್ಷಣೆ: ಛಾಯಾಚಿತ್ರ ಹಾಗೂ ವಿಡಿಯೋ ಚಿತ್ರೀಕರಣ ಮಾಡಬಯಸುವವರಿಗೆ ಮಾಹಿತಿ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಳೆ ಕಡಿಮೆ ಬೀಳುವ ಬಯಲುಸೀಮೆಗೆ ಸೇರಿವೆ. ಇಲ್ಲಿನ ಹುಲ್ಲುಗಾವಲು ಹಾಗೂ ಕುರುಚಲು ಕಾಡುಗಳನ್ನು ಬಹುಕಾಲ ಪಾಳುಭೂಮಿಯೆಂದೇ ಪರಿಗಣಿಸಲಾಗುತ್ತಿತ್ತು. ಆ ಭಾವನೆಯನ್ನು ತಿದ್ದುವಲ್ಲಿ ಕ್ಯಾಮೆರಾದ ಪಾತ್ರ ಸಣ್ಣದಲ್ಲ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಅರಣ್ಯದಲ್ಲಿ ಅಳವಡಿಸಿದ್ದ ಸ್ವಯಂಚಾಲಿತ ಕ್ಯಾಮೆರಾಗಳಲ್ಲಿ ಚಿಂಕಾರ ದಾಖಲಾಯಿತು. 2019ರಲ್ಲಿ ಅಲ್ಲಿನ ಸುಮಾರು 136 ಚದರ ಕಿಲೋಮೀಟರ್ ಪ್ರದೇಶವನ್ನು ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಲಾಯಿತು.

ಕಲಿಕೆ ಆರಂಭಿಸುವವರಿಗೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಸೂಕ್ತ ಸ್ಥಳವಾಗಿದೆ. ಇಲ್ಲಿನ 798 ಎಕರೆ ಪ್ರದೇಶವು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವಾಯಿತು. ಜಿಗಿಯುವ ಗಂಡು ಕೃಷ್ಣಮೃಗದ ಚಿತ್ರ ಸುಂದರವೇ ಸರಿ. ಆದರೆ ಅಷ್ಟರಿಂದ ಸಂರಕ್ಷಣೆಯ ಕಥೆ ತಿಳಿಯುವುದಿಲ್ಲ. ಒಂದೇ ಸ್ಥಳದಲ್ಲಿ ನಿಂತು ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ತೆಗೆದ ಎರಡು ಚಿತ್ರಗಳು ಹುಲ್ಲುಗಾವಲಿನ ಜೀವಂತಿಕೆಯನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುತ್ತವೆ. ಹುಲ್ಲಿನಲ್ಲಿ ಅಲುಗದೆ ಮಲಗಿರುವ ಮರಿ ಅನಾಥವಾಗಿರುವುದಿಲ್ಲ. ತಾಯಿ ಅದನ್ನು ಅಡಗಿಸಿ ಹೋಗಿರುತ್ತದೆ; ಅದರ ಸಮೀಪಕ್ಕೆ ಹೋಗಬಾರದು.

ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಅವುಗಳನ್ನು ಉಳಿಸಿದವರು ಗ್ರಾಮಸ್ಥರು. ಆದ್ದರಿಂದ ಇಲ್ಲಿನ ವಿಡಿಯೋದಲ್ಲಿ ಹಕ್ಕಿಯಷ್ಟೇ ಮುಖ್ಯರಾದವರು ಮರದ ಮಾಲೀಕರು ಮತ್ತು ನೆರೆಹೊರೆಯವರು. ಅವರ ಒಪ್ಪಿಗೆ ಪಡೆದು ಅವರ ಮಾತನ್ನು ಅವರದೇ ನುಡಿಯಲ್ಲಿ ದಾಖಲಿಸತಕ್ಕದ್ದು. ಬಿಸಿಲಿನಲ್ಲಿ ತಾಯಿಹಕ್ಕಿ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳಾಗಿ ನಿಂತಿರುತ್ತದೆ. ಅದು ಬೆದರಿ ಹಾರಿದಲ್ಲಿ ಮರಿಗಳು ಬಿಸಿಲಿಗೆ ಬಲಿಯಾಗಬಹುದು. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕಾರ ಕಾಡುಹಕ್ಕಿಗಳ ಮೊಟ್ಟೆ ಅಥವಾ ಗೂಡಿಗೆ ತೊಂದರೆ ನೀಡುವುದೂ "ಬೇಟೆ" ಎಂಬ ಪದದ ವ್ಯಾಪ್ತಿಗೆ ಬರುತ್ತದೆಂಬುದನ್ನು ಅನೇಕರು ಅರಿತಿಲ್ಲ.

ಮಧುಗಿರಿ ಮತ್ತು ಕೊರಟಗೆರೆ ಭಾಗದ ತಿಮ್ಮಲಾಪುರ ಕಾಡು ಕರಡಿಗಳ ನೆಲೆಯಾಗಿದ್ದು, ಕಾಲ್ನಡಿಗೆಯಲ್ಲಿ ಕರಡಿಯನ್ನು ಹಿಂಬಾಲಿಸುವುದು ಪ್ರಾಣಾಪಾಯಕಾರಿ. ಹೆಜ್ಜೆ ಗುರುತು, ಅಗೆದ ಗೆದ್ದಲು ಹುತ್ತ ಇವುಗಳಿಂದಲೂ ಕಥೆ ಹೇಳಬಹುದು. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕ್ ಸ್ಥಾಪನೆಯಾಗಿದೆ. ಬಯಲಿನ ಬಳಕೆ ಬದಲಾದಾಗ ಕುರಿಗಾಹಿಗಳಿಗೂ ಪ್ರಾಣಿಪಕ್ಷಿಗಳಿಗೂ ಏನಾಯಿತೆಂಬುದು ಚಿತ್ರೀಕರಣಕ್ಕೆ ಯೋಗ್ಯವಾದ ವಿಷಯ.

ಪ್ರತಿ ಚಿತ್ರದೊಂದಿಗೆ ದಿನಾಂಕ ಮತ್ತು ಸನ್ನಿವೇಶವನ್ನು ಬರೆದಿಡತಕ್ಕದ್ದು. ಆದರೆ ಗೂಡು, ಗುಹೆ ಇತ್ಯಾದಿಗಳ ನಿಖರ ಸ್ಥಳವನ್ನು ಬಹಿರಂಗಪಡಿಸಬಾರದು. ಕಳ್ಳಬೇಟೆಗಾರರೂ ಚಿತ್ರಗಳನ್ನು ನೋಡುತ್ತಾರೆ. ಸಾಕಿದ ಅಥವಾ ಮೃಗಾಲಯದ ಪ್ರಾಣಿಯನ್ನು ಕಾಡಿನದೆಂದು ತೋರಿಸುವಂತಿಲ್ಲ.

ವನ್ಯಜೀವಿಧಾಮದೊಳಗೆ ಛಾಯಾಗ್ರಹಣ ಅಥವಾ ಚಲನಚಿತ್ರ ತಯಾರಿಕೆಗೆ ಅಧಿನಿಯಮದ 28ನೇ ಪ್ರಕರಣದನ್ವಯ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಅಗತ್ಯ. 2022ರ ತಿದ್ದುಪಡಿಯಂತೆ ಚಿತ್ರೀಕರಣದಿಂದ ಆವಾಸಸ್ಥಾನದಲ್ಲಿ ಯಾವುದೇ ಬದಲಾವಣೆಯಾಗಲಿ, ವನ್ಯಜೀವಿಗಳಿಗೆ ದುಷ್ಪರಿಣಾಮವಾಗಲಿ ಆಗಕೂಡದು. ಅರ್ಜಿಯಲ್ಲಿ ಉದ್ದೇಶ, ಸ್ಥಳ, ದಿನಗಳು, ತಂಡದ ಸದಸ್ಯರು ಹಾಗೂ ಉಪಕರಣಗಳ ವಿವರ ನೀಡುವುದು ಒಳಿತು. ಡ್ರೋನ್ ಬಳಸುವ ಉದ್ದೇಶವಿದ್ದಲ್ಲಿ ಅದನ್ನು ಪ್ರತ್ಯೇಕವಾಗಿ ನಮೂದಿಸತಕ್ಕದ್ದು. ಮೈದನಹಳ್ಳಿಗೆ ಭೇಟಿ ನೀಡುವವರು ಮುಂಚಿತವಾಗಿ ಮಧುಗಿರಿ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸುವುದು.